ನವುಲೆಯ 404 ಯಾವ ದಾಖಲೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಆಟದ ಬಗ್ಗೆ ಮಾತನಾಡುವಾಗ ಅಂಕಿಸಂಖ್ಯೆಗಳನ್ನು ಪರಿಶೀಲಿಸಿಕೊಳ್ಳಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದ ಎರಡು ಸಾಲುಗಳಿಗೆ ಶಿವಮೊಗ್ಗ ಜಿಲ್ಲೆಯಿಂದಲೂ ಸುತ್ತಲಿನ ಮಲೆನಾಡಿನ ಊರುಗಳಿಂದಲೂ ಇಷ್ಟೊಂದು ಪತ್ರಗಳು ಬರುತ್ತವೆಂದು ನಾನು ಎಣಿಸಿರಲಿಲ್ಲ. ಬಂದವುಗಳಲ್ಲಿ ಕೆಲವನ್ನು ಆರಿಸಿ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: 2024ರ ಜನವರಿಯಲ್ಲಿ ಶಿವಮೊಗ್ಗದ ನವುಲೆಯ ಕ್ರೀಡಾಂಗಣದಲ್ಲಿ ಕರ್ನಾಟಕದ ಪ್ರಖರ್ ಚತುರ್ವೇದಿ 404 ರನ್ ಹೊಡೆದಾಗ ನಾನು ಅಲ್ಲಿಯೇ ಕುಳಿತು ನೋಡಿದ್ದೇನೆ. ಲಾರಾ ಅವರ 400ಕ್ಕಿಂತ ಇದು ಹೆಚ್ಚಾದ್ದರಿಂದ ಇದೇ ವಿಶ್ವದಾಖಲೆ ಎಂದು ನಾನು ಹೇಳಿದರೆ ಗೆಳೆಯರು ಒಪ್ಪುವುದಿಲ್ಲ. ಕಣ್ಣಾರೆ ಕಂಡವನ ಮಾತಿಗೆ ಬೆಲೆಯಿಲ್ಲವೇ?
– ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನೀವು ಕಂಡದ್ದಕ್ಕೆ ಬಹಳ ಬೆಲೆಯಿದೆ. ಆದರೆ ನೀವು ಕಂಡದ್ದು ಆಟವನ್ನು. ದಾಖಲೆ ಎನ್ನುವುದು ಆ ಆಟವನ್ನು ಬೇರೆ ಆಟಗಳ ಪಕ್ಕದಲ್ಲಿಟ್ಟು ನೋಡಿದಾಗ ಹುಟ್ಟುವ ಮಾತು, ಮತ್ತು ಯಾವುದರ ಪಕ್ಕದಲ್ಲಿ ಯಾವುದನ್ನು ಇಡಬಹುದು ಎಂಬುದಕ್ಕೆ ನಿಯಮವಿದೆ. ನಮ್ಮ ಅಡಿಕೆ ಮಂಡಿಯಲ್ಲಿ ಯಾರಾದರೂ ಬಂದು ಕ್ವಿಂಟಾಲಿಗೆ ಇಷ್ಟು ಧಾರಣೆ ಸಿಕ್ಕಿತೆಂದು ಹೇಳಿದರೆ, ಕೇಳುವವರು ಮೊದಲು ವಿಚಾರಿಸುವುದು ಅದು ಯಾವ ದರ್ಜೆಯ ಅಡಿಕೆ, ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ ಎಂದು. ಗೊರಬಲಿನ ಧಾರಣೆಯನ್ನು ಸರಕಿನ ಧಾರಣೆಯೊಂದಿಗೆ ಹೋಲಿಸಿ ಯಾರೂ ಜಗಳವಾಡುವುದಿಲ್ಲ. ರನ್ನುಗಳ ವಿಷಯವೂ ಹಾಗೆಯೇ.

ಬ್ರಯಾನ್ ಲಾರಾ ಅವರ ಅಜೇಯ 400 ಟೆಸ್ಟ್ ಪಂದ್ಯದ್ದು. 2004ರ ಏಪ್ರಿಲಿನಲ್ಲಿ ಆಂಟಿಗಾದಲ್ಲಿ ಇಂಗ್ಲೆಂಡ್ ವಿರುದ್ಧ ಹೊಡೆದದ್ದು. ನವುಲೆಯ ಪಂದ್ಯ ಹತ್ತೊಂಬತ್ತು ವರ್ಷದೊಳಗಿನವರ ಕೂಚ್ ಬೆಹಾರ್ ಟ್ರೋಫಿಯ ಅಂತಿಮ ಪಂದ್ಯ. ನಾಲ್ಕು ದಿನ ನಡೆದರೂ, ರಣಜಿಯಂಥ ಹಿರಿಯರ ಪಂದ್ಯಗಳಿಗೆ ಸಿಗುವ ಪ್ರಥಮ ದರ್ಜೆಯ ಮಾನ್ಯತೆ ಅದಕ್ಕೆ ಇಲ್ಲ. ಆದ್ದರಿಂದ ಟೆಸ್ಟ್ ಪಟ್ಟಿಯಲ್ಲಾಗಲಿ, 1994ರಲ್ಲಿ ವಾರ್ವಿಕ್‌ಶೈರ್ ಪರವಾಗಿ ಲಾರಾ ಹೊಡೆದ ಅಜೇಯ 501 ಮತ್ತು 1948ರಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ಬಿ. ಬಿ. ನಿಂಬಾಳ್ಕರ್ ಹೊಡೆದ ಅಜೇಯ 443 ಇರುವ ಪ್ರಥಮ ದರ್ಜೆಯ ಪಟ್ಟಿಯಲ್ಲಾಗಲಿ ಈ 404 ಸೇರುವುದಿಲ್ಲ.

ಹಾಗಾದರೆ ಕೂಚ್ ಬೆಹಾರ್ ಟ್ರೋಫಿಯ ದಾಖಲೆಯೇ? ಅದೂ ಪೂರ್ತಿ ನಿಜವಲ್ಲ. ಅದೇ ಟೂರ್ನಿಯಲ್ಲಿ 2011-12ರ ಋತುವಿನಲ್ಲಿ ಮಹಾರಾಷ್ಟ್ರದ ವಿಜಯ್ ಜೋಲ್ ಅಸ್ಸಾಂ ವಿರುದ್ಧ ಅಜೇಯ 451 ಹೊಡೆದಿದ್ದರು. ನವುಲೆಯ 404 ದಾಖಲೆಯಾಗುವುದು ಆ ಟೂರ್ನಿಯ ಅಂತಿಮ ಪಂದ್ಯಗಳ ಲೆಕ್ಕದಲ್ಲಿ. ಅದಕ್ಕೂ ಮುಂಚೆ ಅಂತಿಮ ಪಂದ್ಯದ ಅತಿ ಹೆಚ್ಚಿನ ಮೊತ್ತ 1999ರ ಡಿಸೆಂಬರಿನಲ್ಲಿ ಜಮ್‌ಷೆಡ್‌ಪುರದಲ್ಲಿ ಬಿಹಾರದ ವಿರುದ್ಧ ಪಂಜಾಬಿನ ಯುವರಾಜ್ ಸಿಂಗ್ ಹೊಡೆದ 358 ಆಗಿತ್ತು. ಅಂತಿಮ ಪಂದ್ಯವೊಂದರಲ್ಲಿ 400 ದಾಟಿದ ಮೊದಲಿಗರು ಪ್ರಖರ್. ಈ ಮಾತನ್ನು ನೀವು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳಬಹುದು.

ಇದೇ ಪಂದ್ಯದ ಬಗ್ಗೆ ಕೇಳಿಬರುವ ಇನ್ನೊಂದು ಮಾತನ್ನೂ ಇಲ್ಲಿಯೇ ತಿದ್ದಿಬಿಡುತ್ತೇನೆ. ಕರ್ನಾಟಕ ಮುಂಬೈಯನ್ನು 510 ರನ್ನುಗಳಿಂದ ಸೋಲಿಸಿತೆಂದು ಹಲವರು ಹೇಳುತ್ತಾರೆ. ಮುಂಬೈ 380 ರನ್ ಮಾಡಿತು, ಕರ್ನಾಟಕ ಎಂಟು ವಿಕೆಟಿಗೆ 890 ಮಾಡಿ ಡಿಕ್ಲೇರ್ ಮಾಡಿಕೊಂಡಿತು. 510 ಎನ್ನುವುದು ಮೊದಲ ಇನಿಂಗ್ಸಿನ ಮುನ್ನಡೆ. ಪಂದ್ಯ ಡ್ರಾ ಆಯಿತು, ಮುನ್ನಡೆಯ ಬಲದ ಮೇಲೆ ಕರ್ನಾಟಕಕ್ಕೆ ಮೊಟ್ಟಮೊದಲ ಬಾರಿಗೆ ಆ ಟ್ರೋಫಿ ದಕ್ಕಿತು. ಹದಿಹರೆಯದ ಹುಡುಗನೊಬ್ಬ 638 ಚೆಂಡುಗಳನ್ನು ಎದುರಿಸಿ ಔಟಾಗದೆ ಉಳಿದದ್ದು ನಮ್ಮ ಊರಿನ ಮೈದಾನದಲ್ಲಿ ನಡೆದ ಅಪರೂಪದ ಸಂಗತಿ. ಅದಕ್ಕೆ ಇಲ್ಲದ ಗರಿಯನ್ನು ಸಿಕ್ಕಿಸಲು ಹೋದರೆ, ಗೆಳೆಯರು ಆ ಗರಿಯನ್ನು ಕೀಳುವಾಗ ಇರುವ ಗರಿಯ ಮೇಲೂ ಅನುಮಾನಪಡುತ್ತಾರೆ ಎಂಬುದೇ ನನ್ನ ಆತಂಕ.

ಪ್ರಶ್ನೆ: ನಾನು ಭದ್ರಾವತಿಯವನು, ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ನಮ್ಮೂರಿನ ಗುಂಡಪ್ಪ ವಿಶ್ವನಾಥ್ ಅವರ ಬಗ್ಗೆ ನಾನು ಮೂರು ಮಾತು ಹೇಳುತ್ತಿರುತ್ತೇನೆ. ಆಡಿದ ಮೊದಲ ಟೆಸ್ಟಿನಲ್ಲಿಯೇ ಸೊನ್ನೆಯನ್ನೂ ಶತಕವನ್ನೂ ಮಾಡಿದವರು ಜಗತ್ತಿನಲ್ಲಿ ಅವರೊಬ್ಬರೇ; ಅವರು ಶತಕ ಹೊಡೆದಾಗಲೆಲ್ಲ ಭಾರತ ಗೆದ್ದಿದೆ; ಅವರು ಆಟ ಕಲಿತದ್ದು ಭದ್ರಾವತಿಯ ಮಣ್ಣಿನಲ್ಲಿ. ಮೊನ್ನೆ ಮಗ ಮೂರೂ ತಪ್ಪು ಎಂದುಬಿಟ್ಟ.
– ಹಿರಿಯ ಓದುಗರು, ಭದ್ರಾವತಿ

ಉತ್ತರ: ಹಿರಿಯರಾದ ತಮ್ಮ ಅಭಿಮಾನಕ್ಕೆ ನಮಸ್ಕರಿಸಿಯೇ ಹೇಳುತ್ತೇನೆ, ತಮ್ಮ ಮಗನ ಮಾತು ಬಹುಪಾಲು ಸರಿ. ಆದರೆ ಮೂರೂ ಮಾತುಗಳ ಒಳಗೆ ಒಂದೊಂದು ನಿಜವಿದೆ, ಅದನ್ನು ಬಿಡಿಸಿ ತೆಗೆಯೋಣ.

1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ವಿಶ್ವನಾಥ್ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಇದು ನಿಜ. ಆದರೆ ‘ಅವರೊಬ್ಬರೇ’ ಎನ್ನುವುದು ಈಗ ನಿಲ್ಲುವುದಿಲ್ಲ. 1992ರಲ್ಲಿ ದಕ್ಷಿಣ ಆಫ್ರಿಕಾದ ಆಂಡ್ರ್ಯೂ ಹಡ್ಸನ್ ಬ್ರಿಜ್‌ಟೌನಿನಲ್ಲಿ 163 ಮತ್ತು ಸೊನ್ನೆ ಮಾಡಿದರು. 1996ರಲ್ಲಿ ಪಾಕಿಸ್ತಾನದ ಮೊಹಮ್ಮದ್ ವಾಸಿಂ ಲಾಹೋರಿನಲ್ಲಿ ಸೊನ್ನೆ ಮತ್ತು ಅಜೇಯ 109 ಮಾಡಿದರು. ‘ಒಬ್ಬರೇ’ ಎಂಬ ಪದ ಎಂದಿಗಾದರೂ ಹಳತಾಗಿಬಿಡಬಹುದಾದ ಪದ. ಅನಿಲ್ ಕುಂಬ್ಳೆ ಅವರ ವಿಷಯದಲ್ಲಿಯೂ ಹೀಗೆಯೇ ಆಯಿತು. 1999ರ ಫೆಬ್ರವರಿ 7ರಂದು ದೆಹಲಿಯ ಟೆಸ್ಟಿನಲ್ಲಿ ಅವರು ಪಾಕಿಸ್ತಾನದ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್‌ಗಳನ್ನು 74 ರನ್ನಿಗೆ ಉರುಳಿಸಿದಾಗ, ಟೆಸ್ಟಿನಲ್ಲಿ 1956ರಲ್ಲಿ ಆ ಸಾಧನೆ ಮಾಡಿದ್ದ ಜಿಮ್ ಲೇಕರ್ ಅವರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ‘ಜಗತ್ತಿನಲ್ಲಿ ಇಬ್ಬರೇ’ ಎಂಬ ಮಾತು 2021ರ ಡಿಸೆಂಬರಿನವರೆಗೆ ಸರಿಯಾಗಿತ್ತು. ಅಂದು ಮುಂಬೈಯಲ್ಲಿ ನ್ಯೂಜಿಲೆಂಡಿನ ಎಜಾಜ್ ಪಟೇಲ್ ಮೂರನೆಯವರಾದರು. ಹಳೆಯ ವರದಿ ಸುಳ್ಳು ಹೇಳಿರಲಿಲ್ಲ, ಅದನ್ನು ಇಂದು ಹಾಗೆಯೇ ಎತ್ತಿ ಹೇಳುವವರು ತಪ್ಪುತ್ತಾರೆ. ಆದ್ದರಿಂದ ‘ಒಬ್ಬರೇ’, ‘ಅತಿ ಹೆಚ್ಚು’, ‘ಇದುವರೆಗೆ’ ಎಂಬ ಪದಗಳನ್ನು ಬಳಸುವಾಗ ಯಾವ ದಿನದವರೆಗಿನ ಲೆಕ್ಕ ಎಂಬುದನ್ನು ಜೊತೆಗೇ ಹೇಳಿಬಿಡುವುದು ಒಳ್ಳೆಯದು.

ಎರಡನೆಯ ಮಾತಿನಲ್ಲಿ ತಪ್ಪಿರುವುದು ಒಂದೇ ಪದ. ವಿಶ್ವನಾಥ್ 91 ಟೆಸ್ಟ್‌ಗಳಲ್ಲಿ 6080 ರನ್ ಮಾಡಿ 14 ಶತಕ ಹೊಡೆದರು. ಆ 14 ಪಂದ್ಯಗಳಲ್ಲಿ ಭಾರತ ಒಂದನ್ನೂ ಸೋಲಲಿಲ್ಲ. ಗೆದ್ದದ್ದು ನಾಲ್ಕನ್ನು: 1975ರ ಕಲ್ಕತ್ತ, 1976ರ ಪೋರ್ಟ್ ಆಫ್ ಸ್ಪೇನ್, 1979ರ ಮದರಾಸು, 1981ರ ಮೆಲ್ಬರ್ನ್. ಉಳಿದ ಹತ್ತು ಡ್ರಾ ಆದವು. ಟೆಸ್ಟ್ ಆಟದಲ್ಲಿ ಸೋಲದಿರುವುದು ಬೇರೆ, ಗೆಲ್ಲುವುದು ಬೇರೆ. ಬಾಯಿಂದ ಬಾಯಿಗೆ ದಾಟುವಾಗ ‘ಸೋಲಲಿಲ್ಲ’ ಎಂಬುದು ‘ಗೆದ್ದಿತು’ ಎಂದು ಬದಲಾಗಿದೆ. ಇದಕ್ಕಿಂತ ಹೆಚ್ಚಾಗಿ ನನಗೆ ಬೇಸರ ತರಿಸುವುದೆಂದರೆ, ಶತಕಗಳ ಈ ಲೆಕ್ಕದ ಗಲಾಟೆಯಲ್ಲಿ ಅವರ ಬಾಳಿನ ಅತ್ಯುತ್ತಮ ಆಟಗಳಲ್ಲೊಂದು ಮರೆತುಹೋಗುತ್ತದೆ. 1975ರ ಜನವರಿಯಲ್ಲಿ ಚೆಪಾಕಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ 64 ರನ್ನಿಗೆ ಏಳು ವಿಕೆಟ್ ಕಿತ್ತ ಇನಿಂಗ್ಸಿನಲ್ಲಿ ಭಾರತದ ಮೊತ್ತ 190. ಅದರಲ್ಲಿ ವಿಶ್ವನಾಥ್ ಅವರದೇ ಅಜೇಯ 97. ಭಾರತ ಆ ಪಂದ್ಯವನ್ನು 100 ರನ್ನುಗಳಿಂದ ಗೆದ್ದಿತು. ಶತಕವಾಗದ ಕಾರಣ ಅದು ತಮ್ಮ ಲೆಕ್ಕದೊಳಗೆ ಬರುವುದೇ ಇಲ್ಲ. ಮಗನೊಡನೆ ಮುಂದಿನ ಬಾರಿ ಮಾತನಾಡುವಾಗ ದಯವಿಟ್ಟು ಅದನ್ನೂ ಹೇಳಿ.

ಮೂರನೆಯದು: ವಿಶ್ವನಾಥ್ 1949ರ ಫೆಬ್ರವರಿ 12ರಂದು ಹುಟ್ಟಿದ್ದು ಭದ್ರಾವತಿಯಲ್ಲಿ. ಬೆಳೆದು ಆಟಗಾರರಾದದ್ದು ಬೆಂಗಳೂರಿನಲ್ಲಿ. ಹುಟ್ಟಿದ ಊರು ಎಂಬ ಹೆಮ್ಮೆಯನ್ನು ಯಾರೂ ಭದ್ರಾವತಿಯಿಂದ ಕಸಿಯಲಾರರು.

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ಕಂಬಳದ ಓಟಗಾರ ಶ್ರೀನಿವಾಸ ಗೌಡರು ನೂರು ಮೀಟರನ್ನು 9.55 ಸೆಕೆಂಡಿನಲ್ಲಿ ಓಡಿ ಉಸೇನ್ ಬೋಲ್ಟ್ ಅವರನ್ನು ಮೀರಿಸಿದರೆಂದು ನನ್ನ ವಿದ್ಯಾರ್ಥಿಗಳು ನಂಬಿದ್ದಾರೆ. ಅಲ್ಲವೆಂದರೆ ನಮ್ಮವರನ್ನು ಹೀಗಳೆದಂತೆ ಆಗುತ್ತದೆಯೇ ಎಂಬ ಅಳುಕು ನನಗಿದೆ. ಮಕ್ಕಳಿಗೆ ಹೇಗೆ ಹೇಳಲಿ?
– ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಈ ಪ್ರಶ್ನೆಗೆ ಉತ್ತರವನ್ನು ಮಕ್ಕಳ ಕೈಯಲ್ಲೇ ಗಣಿತ ಮಾಡಿಸಿ ಹೊರಡಿಸಬಹುದು, ಆದ್ದರಿಂದ ತರಗತಿಯಲ್ಲಿ ಇದಕ್ಕೊಂದು ಅವಧಿಯನ್ನೇ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

ಮೊದಲು ಅಳೆದದ್ದೇನು ಎಂಬುದನ್ನು ಹಲಗೆಯ ಮೇಲೆ ಬರೆಯಿರಿ. 2020ರಲ್ಲಿ ಐಕಳದ ಕಂಬಳದಲ್ಲಿ ಗೌಡರು 142.5 ಮೀಟರ್ ಉದ್ದದ ಕರೆಯನ್ನು (ಕೋಣಗಳನ್ನು ಓಡಿಸುವ ಕೆಸರಿನ ಓಟದ ಹಾದಿ) 13.62 ಸೆಕೆಂಡಿನಲ್ಲಿ ಮುಗಿಸಿದರು. ಅಳತೆ ಇಷ್ಟೇ. 9.55 ಎಂಬುದನ್ನು ಯಾವ ಗಡಿಯಾರವೂ ತೋರಿಸಿಲ್ಲ, 13.62ನ್ನು 142.5ರಿಂದ ಭಾಗಿಸಿ ನೂರರಿಂದ ಗುಣಿಸಿದಾಗ ಬರುವ 9.557ರ ಕೊನೆಯ ಅಂಕಿಯನ್ನು ಬಿಟ್ಟು ಹೇಳಿದ್ದು ಅದು. ಬೋಲ್ಟ್ ಅವರ 9.58 ಎಂಬುದು 2009ರ ಆಗಸ್ಟ್ 16ರಂದು ಬರ್ಲಿನಿನಲ್ಲಿ ನೂರು ಮೀಟರ್ ಓಟವನ್ನೇ ಅಳೆದು ಬಂದ ಸಂಖ್ಯೆ. ಒಂದು ಅಳೆದದ್ದು, ಇನ್ನೊಂದು ಲೆಕ್ಕ ಹಾಕಿದ್ದು.

ಲೆಕ್ಕ ಹಾಕಿದರೆ ತಪ್ಪೇನು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ 2012ರ ಲಂಡನ್ ಒಲಿಂಪಿಕ್ಸಿನ ಒಂದು ಸಂಖ್ಯೆಯನ್ನು ಕೊಡಿ. ಅಲ್ಲಿ ಜಮೈಕಾದ ನಾಲ್ವರು ತಲಾ ನೂರು ಮೀಟರಿನ ರಿಲೇಯನ್ನು 36.84 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಅದನ್ನು ನಾಲ್ಕರಿಂದ ಭಾಗಿಸಲು ಹೇಳಿ, 9.21 ಬರುತ್ತದೆ. ಹಾಗೆಂದು ಆ ನಾಲ್ವರೂ ನೂರು ಮೀಟರನ್ನು 9.21 ಸೆಕೆಂಡಿನಲ್ಲಿ ಓಡಬಲ್ಲರೆಂದು ಜಗತ್ತಿನಲ್ಲಿ ಯಾರೂ ಹೇಳುವುದಿಲ್ಲ. ನಿಂತಲ್ಲಿಂದ ಹೊರಟು ವೇಗ ಪಡೆಯುವುದಕ್ಕೆ ಓಟಗಾರನಿಗೆ ಸಮಯ ಹಿಡಿಯುತ್ತದೆ. ರಿಲೇಯಲ್ಲಿ ಮೊದಲನೆಯವನನ್ನು ಬಿಟ್ಟು ಉಳಿದವರು ಕೋಲು ಹಿಡಿಯುವ ಹೊತ್ತಿಗಾಗಲೇ ಓಡುತ್ತಿರುತ್ತಾರೆ. ದೂರ ಹೆಚ್ಚಿದಷ್ಟೂ ಆರಂಭದ ನಿಧಾನ ಹಂಚಿಹೋಗುತ್ತದೆ, ಆದ್ದರಿಂದ 142.5 ಮೀಟರಿನ ಸರಾಸರಿಯನ್ನು ನೂರು ಮೀಟರಿಗೆ ಇಳಿಸಿದರೆ ಸಂಖ್ಯೆ ಇದ್ದುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಇದರ ಮೇಲೆ, ಕಂಬಳದಲ್ಲಿ ಓಟಗಾರನ ಮುಂದೆ ಒಂದು ಜೊತೆ ಕೋಣಗಳಿವೆ. ಅವುಗಳ ಎಳೆತ ಅವನ ವೇಗಕ್ಕೆ ಸೇರುತ್ತದೆ. ಕಾಲಡಿಯ ಕೆಸರುನೀರು ಅದೇ ವೇಗವನ್ನು ಕಳೆಯುತ್ತದೆ. ಕೂಡಿದ್ದೆಷ್ಟು, ಕಳೆದದ್ದೆಷ್ಟು ಎಂಬುದನ್ನು ಭಾಗಾಕಾರ ಹೇಳಲಾರದು.

ಹೀಗಳೆಯುವ ಅಳುಕು ನಿಮಗೆ ಬೇಡ. ದೆಹಲಿಯಿಂದ ಟ್ರಯಲ್ಸಿನ ಕರೆ ಬಂದಾಗ, ಕಂಬಳದ ಓಟವೂ ಟ್ರ್ಯಾಕಿನ ಓಟವೂ ಬೇರೆ ಬೇರೆ ಎಂದು ಹೇಳಿ ಅದಕ್ಕೆ ಹೋಗದೆ ಉಳಿದವರು ಶ್ರೀನಿವಾಸ ಗೌಡರೇ. ತಮ್ಮ ಆಟ ಯಾವುದೆಂದು ಅವರಿಗೆ ಸ್ಪಷ್ಟವಾಗಿತ್ತು. ಕೆಸರುಗದ್ದೆಯಲ್ಲಿ ಕೋಣಗಳ ಹಗ್ಗ ಹಿಡಿದು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸುವುದು ಬೋಲ್ಟ್ ಅವರ ಹೆಸರಿನ ಆಸರೆಯಿಲ್ಲದೆಯೂ ದೊಡ್ಡದು, ಅದನ್ನು ಅದರ ಸ್ವಂತ ಅಳತೆಯಲ್ಲಿಯೇ ಮಕ್ಕಳಿಗೆ ಹೇಳಿ.

ಪ್ರಶ್ನೆ: 1960ರ ರೋಮ್ ಒಲಿಂಪಿಕ್ಸಿನಲ್ಲಿ ಮಿಲ್ಖಾ ಸಿಂಗ್ ಅವರ 400 ಮೀಟರ್ ಓಟದ ಸಮಯ ಒಂದು ಕಡೆ 45.6 ಎಂದೂ ಇನ್ನೊಂದು ಕಡೆ 45.73 ಎಂದೂ ಇದೆ. ಯಾವುದು ತಪ್ಪು?
– ಓದುಗರು, ಕೊಪ್ಪ

ಉತ್ತರ: ಎರಡೂ ಸರಿ. 45.6 ಸ್ಟಾಪ್‌ವಾಚನ್ನು ಕೈಯಲ್ಲಿ ಹಿಡಿದು ಅಳೆದ ಸಮಯ, 45.73 ವಿದ್ಯುತ್ ಯಂತ್ರದ್ದು. ಪಿಸ್ತೂಲಿನ ಶಬ್ದ ಕೇಳಿ ಮನುಷ್ಯನ ಬೆರಳು ಗುಂಡಿ ಒತ್ತುವುದು ತುಸು ತಡವಾಗುವುದರಿಂದ ಕೈಯಳತೆಯ ಸಮಯ ಸಾಮಾನ್ಯವಾಗಿ ಕಡಿಮೆ ಬರುತ್ತದೆ. 400 ಮೀಟರಿನವರೆಗಿನ ವಿಶ್ವದಾಖಲೆಗಳಿಗೆ ಯಂತ್ರದ ಅಳತೆಯೇ ಬೇಕೆಂಬ ನಿಯಮ 1977ರಿಂದ ಬಂದಿತು. 1998ರಲ್ಲಿ ಪರಮ್‌ಜೀತ್ ಸಿಂಗ್ 45.70 ಸೆಕೆಂಡಿನಲ್ಲಿ ಓಡಿ ಮಿಲ್ಖಾ ಅವರ ರಾಷ್ಟ್ರೀಯ ದಾಖಲೆಯನ್ನು ಮುರಿದಾಗ, 45.6 ಎಂಬುದನ್ನಷ್ಟೇ ಓದಿಕೊಂಡಿದ್ದವರಿಗೆ ‘45.70 ಹೇಗೆ ಉತ್ತಮವಾಯಿತು’ ಎಂಬ ಗೊಂದಲ ಉಂಟಾದದ್ದು ಇದೇ ಕಾರಣಕ್ಕೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸಿನಲ್ಲಿ ಪಿ. ಟಿ. ಉಷಾ ಅವರ 55.42 ಮತ್ತು ಕಂಚು ಪಡೆದ ರೊಮೇನಿಯಾದ ಓಟಗಾರ್ತಿಯ 55.41ರ ನಡುವಿನ ಅಂತರ ಕೈಯಳತೆಗೆ ಸಿಗುವಂಥದ್ದೇ ಅಲ್ಲ.

ಪ್ರಶ್ನೆ: ಕರ್ನಾಟಕ ರಣಜಿ ಟ್ರೋಫಿಯನ್ನು ಎಷ್ಟು ಬಾರಿ ಗೆದ್ದಿದೆ? ಮೈಸೂರು ತಂಡದ್ದನ್ನೂ ಸೇರಿಸಬೇಕೇ? ಸಂತೋಷ್ ಟ್ರೋಫಿಯ ವಿಷಯದಲ್ಲಿಯೂ ನಮ್ಮಲ್ಲಿ ಇದೇ ಜಗಳ.
– ಯುವಕ ಸಂಘದ ಸದಸ್ಯರು, ಸಾಗರ

ಉತ್ತರ: ರಣಜಿಯಲ್ಲಿ ಜಗಳಕ್ಕೆ ಅವಕಾಶವೇ ಇಲ್ಲ. 1973-74, 1977-78, 1982-83, 1995-96, 1997-98, 1998-99, 2013-14, 2014-15 – ಈ ಎಂಟು ಋತುಗಳಲ್ಲಿ ನಮ್ಮ ತಂಡ ಟ್ರೋಫಿ ಎತ್ತಿದೆ. ಮೈಸೂರು ಎಂಬ ಹೆಸರಿನಲ್ಲಿ ತಂಡ 1941-42ರಲ್ಲಿಯೂ 1959-60ರಲ್ಲಿಯೂ ಅಂತಿಮ ಪಂದ್ಯಕ್ಕೆ ಏರಿ ಎರಡು ಬಾರಿಯೂ ಬಾಂಬೆಗೆ ಸೋತಿತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಮೊದಲ ಗೆಲುವು ಬಂದದ್ದೂ ಅದೇ ಋತುವಿನಲ್ಲಿ. ಹೀಗಾಗಿ ಮೈಸೂರನ್ನು ಸೇರಿಸಿದರೂ ಬಿಟ್ಟರೂ ಲೆಕ್ಕ ಎಂಟೇ.

ಸಂತೋಷ್ ಟ್ರೋಫಿ ಫುಟ್‌ಬಾಲಿನಲ್ಲಿ ಹಾಗಲ್ಲ. 1946-47, 1952-53, 1967-68, 1968-69ರಲ್ಲಿ ಗೆದ್ದದ್ದು ಮೈಸೂರು. 2023ರ ಮಾರ್ಚಿನಲ್ಲಿ ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಗೆದ್ದದ್ದು ಕರ್ನಾಟಕ. ಆದ್ದರಿಂದ ‘ಕರ್ನಾಟಕ ಎಂಬ ಹೆಸರಿನಲ್ಲಿ ಮೊದಲನೆಯದು, ಮೈಸೂರನ್ನೂ ಸೇರಿಸಿದರೆ ಐದನೆಯದು’ ಎಂಬ ಪೂರ್ತಿ ವಾಕ್ಯವನ್ನು ಹೇಳಬೇಕು. ಅರ್ಧ ವಾಕ್ಯ ಹೇಳಿದ ಇಬ್ಬರು ಎದುರುಬದುರು ಕುಳಿತದ್ದರಿಂದ ನಿಮ್ಮ ಸಂಘದಲ್ಲಿ ಜಗಳವಾಗಿದೆ.

ಪ್ರಶ್ನೆ: ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವೆಂದು ಭಾರತ 1950ರ ವಿಶ್ವಕಪ್ ಫುಟ್‌ಬಾಲಿಗೆ ಹೋಗಲಿಲ್ಲ ಎಂಬುದು ನಿಜವೇ?
– ಓದುಗರು, ಶೃಂಗೇರಿ

ಉತ್ತರ: ಈ ಕಥೆ ದೇಶವಿಡೀ ಹರಡಿದೆ, ಆದರೆ ಹಾಗೆ ಹೇಳುವುದು ಸರಿಯಲ್ಲ. ಬರ್ಮಾ, ಇಂಡೋನೇಷ್ಯಾ, ಫಿಲಿಪೀನ್ಸ್ ಹಿಂದೆ ಸರಿದುದರಿಂದ ಭಾರತಕ್ಕೆ ಬ್ರೆಜಿಲ್ ವಿಶ್ವಕಪ್ಪಿನಲ್ಲಿ ಸ್ಥಾನ ಸಿಕ್ಕಿತ್ತು. ಹೋಗದಿರುವುದಕ್ಕೆ ನಮ್ಮ ಫುಟ್‌ಬಾಲ್ ಫೆಡರೇಶನ್ ಅಂದು ಕೊಟ್ಟ ಕಾರಣಗಳು ತಂಡದ ಆಯ್ಕೆಯಲ್ಲಿನ ಭಿನ್ನಾಭಿಪ್ರಾಯ ಮತ್ತು ಅಭ್ಯಾಸಕ್ಕೆ ಸಮಯ ಸಾಲದಿರುವುದು. ಅಂದು ನಮ್ಮಲ್ಲಿ ಒಲಿಂಪಿಕ್ಸಿಗೆ ಇದ್ದ ಮಹತ್ವ ವಿಶ್ವಕಪ್ಪಿಗೆ ಇರಲಿಲ್ಲ. ಬರಿಗಾಲಿನ ಮಾತು ಕಟ್ಟುಕಥೆ ಎಂದು ಆ ಕಾಲದ ತಂಡದ ಪ್ರಮುಖ ಆಟಗಾರ ಶೈಲೇನ್ ಮನ್ನಾ ಅವರೇ ಮುಂದೆ ಹೇಳಿದರು.

ಕಥೆಯ ಬೇರು ಮಾತ್ರ ನಿಜವಾದದ್ದು: 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ಬಹುತೇಕ ಆಟಗಾರರು ಬರಿಗಾಲಿನಲ್ಲಿಯೇ ಆಡಿ ಫ್ರಾನ್ಸಿಗೆ 1-2ರಿಂದ ಸೋತಿದ್ದರು. ಭಾರತದ ಆ ಒಂದು ಗೋಲು ಸಾರಂಗಪಾಣಿ ರಾಮನ್ ಅವರದು. ಎರಡು ವರ್ಷಗಳ ಅಂತರದ ಎರಡು ಸಂಗತಿಗಳನ್ನು ಹೊಲಿದು ಒಂದು ಮಾಡಿದವರು ಯಾರೋ ತಿಳಿಯದು. ಈ ಕಥೆ ಬಡತನವನ್ನೂ ಅಭಿಮಾನವನ್ನೂ ಒಟ್ಟಿಗೆ ಹೇಳುತ್ತದೆ, ಅದಕ್ಕಾಗಿಯೇ ಜನರಿಗೆ ಪ್ರಿಯವಾಗಿದೆ. ಆದರೆ ಆಡಳಿತದವರು ತೆಗೆದುಕೊಂಡ ತೀರ್ಮಾನದ ಹೊಣೆಯನ್ನು ಅದು ಆಟಗಾರರ ಪಾದಗಳ ಮೇಲೆ ಹೊರಿಸುತ್ತದೆ. ಕೇಳಲು ಚೆನ್ನಾಗಿರುವ ಕಥೆ ಬಂದಾಗ ಎರಡು ಪಟ್ಟು ಎಚ್ಚರದಿಂದಿರಬೇಕೆಂದು ನಾನು ನಂಬಿರುವುದು ಇಂಥ ಅನ್ಯಾಯಗಳ ಕಾರಣದಿಂದ.

ಪ್ರಶ್ನೆ: ಏಕದಿನ ಕ್ರಿಕೆಟ್ಟಿನ ಮೊದಲ ದ್ವಿಶತಕ ಯಾರದೆಂದು ನಮ್ಮೂರ ಗಣೇಶೋತ್ಸವದ ರಸಪ್ರಶ್ನೆಯಲ್ಲಿ ಕೇಳಿದಾಗ ನಾನು ಬೆಲಿಂಡಾ ಕ್ಲಾರ್ಕ್ ಎಂದೆ. ಸಚಿನ್ ತೆಂಡೂಲ್ಕರ್ ಎಂಬುದೇ ಸರಿಯುತ್ತರವೆಂದು ಬಹುಮಾನವನ್ನು ಬೇರೆಯವರಿಗೆ ಕೊಟ್ಟರು.
– ಓದುಗರು, ಹೊಸನಗರ

ಉತ್ತರ: ನಿಮ್ಮ ಉತ್ತರವೇ ಸರಿ, ಬಹುಮಾನ ನಿಮಗೆ ಸಲ್ಲಬೇಕಿತ್ತು. ಆಸ್ಟ್ರೇಲಿಯಾದ ಬೆಲಿಂಡಾ ಕ್ಲಾರ್ಕ್ 1997ರ ಡಿಸೆಂಬರ್ 16ರಂದು, ಅದೂ ನಮ್ಮ ಮುಂಬೈಯಲ್ಲಿ, ವಿಶ್ವಕಪ್ ಪಂದ್ಯದಲ್ಲಿ ಡೆನ್ಮಾರ್ಕ್ ವಿರುದ್ಧ ಅಜೇಯ 229 ಹೊಡೆದರು. ಸಚಿನ್ ಅವರ ಅಜೇಯ 200 ಬಂದದ್ದು 2010ರ ಫೆಬ್ರವರಿ 24ರಂದು ಗ್ವಾಲಿಯರಿನಲ್ಲಿ, ಹನ್ನೆರಡು ವರ್ಷಗಳ ಬಳಿಕ. ಅದು ಪುರುಷರ ಏಕದಿನ ಕ್ರಿಕೆಟ್ಟಿನ ಮೊದಲ ದ್ವಿಶತಕ. ‘ಪುರುಷರ’ ಎಂಬ ಒಂದು ಪದವನ್ನು ಬರೆಯುವುದಕ್ಕೆ ರಸಪ್ರಶ್ನೆ ತಯಾರಿಸಿದವರು ಬೇಸರಿಸಿದ್ದರಿಂದ ಅವರ ಪ್ರಶ್ನೆಯೇ ತಪ್ಪಾಯಿತು. ಮಹಿಳೆಯರ ಆಟವನ್ನು ಲೆಕ್ಕದಿಂದ ಹೊರಗಿಡುವ ಈ ಅಭ್ಯಾಸವನ್ನು ಅಜಾಗರೂಕತೆ ಎಂದು ಕರೆದು ಸುಮ್ಮನಾಗಲು ನನಗೆ ಮನಸ್ಸಿಲ್ಲ; ಅದು ತಪ್ಪು ಮಾಹಿತಿ, ಬೇರೆ ಯಾವುದೇ ತಪ್ಪು ಅಂಕಿಯಷ್ಟೇ ತಪ್ಪು. ಸಂಘಟಕರಿಗೆ ಈ ಪುಟವನ್ನು ತೋರಿಸಿ.

ಪ್ರಶ್ನೆ: ರಾಹುಲ್ ದ್ರಾವಿಡ್ ಭಾರತಕ್ಕಾಗಿ ಟೆಸ್ಟ್‌ನಲ್ಲಿ ಮಾಡಿದ್ದು 13,288 ರನ್ನೋ 13,265 ರನ್ನೋ?
– ವಿದ್ಯಾರ್ಥಿ, ಸೊರಬ

ಉತ್ತರ: ಭಾರತಕ್ಕಾಗಿ ಎಂದು ಕೇಳಿದ್ದೀರಿ, ಆದ್ದರಿಂದ 13,265. 2005ರಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಐಸಿಸಿ ವಿಶ್ವ ತಂಡದ ಪರವಾಗಿ ಆಡಿದ ಟೆಸ್ಟಿನಲ್ಲಿ ಅವರು ಸೊನ್ನೆ ಮತ್ತು 23 ಮಾಡಿದರು. ಅದನ್ನು ಕೂಡಿಸಿದರೆ ಅವರ ಒಟ್ಟು ಟೆಸ್ಟ್ ರನ್ 13,288.

ಪ್ರಶ್ನೆ: 1983ರ ವಿಶ್ವಕಪ್ಪಿನಲ್ಲಿ ಕಪಿಲ್ ದೇವ್ ಜಿಂಬಾಬ್ವೆ ವಿರುದ್ಧ 175 ಹೊಡೆದದ್ದನ್ನು ತಾವು ಟಿವಿಯಲ್ಲಿ ನೋಡಿದ್ದೇವೆಂದು ನನ್ನ ಸೋದರಮಾವ ನಂಟರಿಷ್ಟರ ನಡುವೆ ಬಣ್ಣಿಸುತ್ತಾರೆ. ಆ ಪಂದ್ಯದ ದೃಶ್ಯವೇ ಇಲ್ಲವೆಂದು ಓದಿದ್ದೇನೆ. ಎಲ್ಲರೆದುರು ಅವರನ್ನು ಸುಳ್ಳುಗಾರರನ್ನಾಗಿ ಮಾಡಲು ಮನಸ್ಸಾಗದು.
– ಗೃಹಿಣಿ, ಶಿಕಾರಿಪುರ

ಉತ್ತರ: ನೀವು ಓದಿದ್ದು ಸರಿ. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್ ಎಂಬ ಊರಿನಲ್ಲಿ ನಡೆದ ಆ ಪಂದ್ಯ ಟಿವಿಯಲ್ಲಿ ಬರಲಿಲ್ಲ, ಅದರ ಚಿತ್ರಣವೂ ಉಳಿದಿಲ್ಲ. ಭಾರತ 17 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿದ್ದದ್ದು, ಕಪಿಲ್ 138 ಚೆಂಡುಗಳಲ್ಲಿ ಅಜೇಯ 175 ಮಾಡಿದ್ದು, 60 ಓವರುಗಳಲ್ಲಿ ಮೊತ್ತ 266ಕ್ಕೆ ಏರಿದ್ದು, ಭಾರತ 31 ರನ್ನುಗಳಿಂದ ಗೆದ್ದದ್ದು – ಇದೆಲ್ಲ ಸ್ಕೋರ್ ಪುಸ್ತಕದಿಂದಲೂ ಕಂಡವರ ವರದಿಗಳಿಂದಲೂ ನಮಗೆ ಬಂದಿದೆ.

ಆದರೆ ನಿಮ್ಮ ಸೋದರಮಾವ ಸುಳ್ಳು ಹೇಳುತ್ತಿದ್ದಾರೆಂದು ನಾನು ಭಾವಿಸುವುದಿಲ್ಲ. ಮನಸ್ಸು ಓದಿದ್ದನ್ನೂ ಕೇಳಿದ್ದನ್ನೂ ಬೇರೆ ಪಂದ್ಯಗಳಲ್ಲಿ ಕಂಡದ್ದನ್ನೂ ಬೆರೆಸಿ ಒಂದು ದೃಶ್ಯ ಕಟ್ಟಿಕೊಡುತ್ತದೆ, ವರ್ಷಗಳು ಕಳೆದಂತೆ ಅದು ಕಂಡದ್ದೇ ಆಗಿಬಿಡುತ್ತದೆ. ನನಗೇ ಹೀಗಾಗಿದೆ. ಕುಂಬ್ಳೆ ಅವರ ಹತ್ತನೆಯ ವಿಕೆಟ್ಟಿನ ಕ್ಯಾಚನ್ನು ದ್ರಾವಿಡ್ ಹಿಡಿದರೆಂದು ಬಹಳ ವರ್ಷ ಹೇಳಿಕೊಂಡು ಬಂದೆ. ದ್ರಾವಿಡ್ ಅವರ ಕೈಗಳು ಕಣ್ಣ ಮುಂದೆ ಕಾಣುತ್ತಲೂ ಇದ್ದವು. ಒಂದು ದಿನ ಸ್ಕೋರ್ ಕಾರ್ಡ್ ತೆರೆದು ನೋಡಿದರೆ, ವಾಸಿಂ ಅಕ್ರಂ ಹೊಡೆದ ಆ ಚೆಂಡನ್ನು ಹಿಡಿದವರು ವಿ. ವಿ. ಎಸ್. ಲಕ್ಷ್ಮಣ್. ಅಂದಿನಿಂದ ನನ್ನ ನೆನಪನ್ನೂ ಪರಿಶೀಲಿಸಬೇಕಾದ ಮೂಲಗಳ ಪಟ್ಟಿಗೆ ಸೇರಿಸಿಕೊಂಡಿದ್ದೇನೆ.

ಮಾವನವರನ್ನು ನಂಟರ ಮುಂದೆ ತಡೆಯಬೇಡಿ. ಒಬ್ಬರೇ ಇದ್ದಾಗ, ಆ ದಿನ ಎಲ್ಲಿದ್ದಿರಿ, ಸುದ್ದಿ ಯಾರಿಂದ ತಿಳಿಯಿತು, ಮರುದಿನದ ಪತ್ರಿಕೆಯಲ್ಲಿ ಏನಿತ್ತು ಎಂದು ಕೇಳಿ. ಜೂನ್ ಎಂದರೆ ನಮ್ಮಲ್ಲಿ ಮಳೆ ಹಿಡಿದ ತಿಂಗಳು. ಅಂದು ಮಲೆನಾಡಿನ ಎಷ್ಟು ಮನೆಗಳಲ್ಲಿ ಟಿವಿ ಇತ್ತು, ಕರೆಂಟು ಎಷ್ಟು ಹೊತ್ತು ಇರುತ್ತಿತ್ತು ಎಂಬುದೂ ಅವರಿಗೇ ನೆನಪಾಗಬಹುದು. ಅವರು ನಿಜವಾಗಿ ಅನುಭವಿಸಿದ್ದು ಹೊರಬಂದರೆ, ಅದು ಟಿವಿಯಲ್ಲಿ ನೋಡಿದ ಕಥೆಗಿಂತ ಕೇಳಲು ಹೆಚ್ಚು ಚೆನ್ನಾಗಿರುತ್ತದೆ.

ಪ್ರಶ್ನೆ: ಪರಿಶೀಲಿಸಿ ಎಂದು ಬರೆಯುವ ನೀವೇ ಕಳೆದ ಸಂಚಿಕೆಯಲ್ಲಿ, ಕರ್ನಾಟಕ ಮೊದಲ ಬಾರಿಗೆ ರಣಜಿ ಗೆದ್ದಾಗ ಅಂತಿಮ ಪಂದ್ಯದಲ್ಲಿ ಬಾಂಬೆಯನ್ನು ಸೋಲಿಸಿ ಅದರ ಸತತ ಗೆಲುವನ್ನು ಮುರಿಯಿತೆಂದು ಬರೆದಿದ್ದೀರಿ. ಇದು ಸರಿಯೇ?
– ಓದುಗರು, ಚಿಕ್ಕಮಗಳೂರು

ಉತ್ತರ: ಸರಿಯಲ್ಲ. ತಪ್ಪು ನನ್ನದು, ತಿಳಿಸಿದ್ದಕ್ಕೆ ನಿಮಗೆ ಋಣಿ. ಪುಸ್ತಕ ಪಕ್ಕದ ಕಪಾಟಿನಲ್ಲಿಯೇ ಇದ್ದರೂ, ಚೆನ್ನಾಗಿ ಗೊತ್ತಿರುವ ವಿಷಯವೆಂಬ ಧೈರ್ಯದಲ್ಲಿ ತೆರೆಯದೆ ಬರೆದೆ. ತಿದ್ದುಪಡಿಯನ್ನು ಯಾವುದೋ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕದೆ, ತಪ್ಪು ಅಚ್ಚಾದ ಈ ಅಂಕಣದಲ್ಲಿಯೇ, ಅದೇ ಅಕ್ಷರದಲ್ಲಿ ಕೊಡಬೇಕೆಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ. ಕಳೆದ ಸಂಚಿಕೆಯನ್ನು ಕತ್ತರಿಸಿ ಇಟ್ಟುಕೊಂಡವರು ದಯವಿಟ್ಟು ಹೀಗೆ ತಿದ್ದಿಕೊಳ್ಳಬೇಕು: 1958-59ರಿಂದ 1972-73ರವರೆಗೆ ಸತತ ಹದಿನೈದು ಬಾರಿ ರಣಜಿ ಗೆದ್ದಿದ್ದ ಬಾಂಬೆಯನ್ನು, ಎರಪಳ್ಳಿ ಪ್ರಸನ್ನ ಅವರ ನಾಯಕತ್ವದ ಕರ್ನಾಟಕ 1973-74ರಲ್ಲಿ ಬೆಂಗಳೂರಿನ ಸೆಮಿಫೈನಲಿನಲ್ಲಿ ಮೊದಲ ಇನಿಂಗ್ಸಿನ ಮುನ್ನಡೆಯಿಂದ ಹೊರಗಟ್ಟಿತು, ಅಂತಿಮ ಪಂದ್ಯದಲ್ಲಿ ಅದು ಸೋಲಿಸಿದ್ದು ರಾಜಸ್ಥಾನವನ್ನು, ಜೈಪುರದಲ್ಲಿ.